ಗುಲಾಬಿ ಬರುವ ತನಕ

ಸೆಗೆಡ್ ಊರಿನ ಟೀಸಾ ಹೊಳೆಯ ಮೇಲೆ ಮಂಜು
ಇನ್ನೂ ಕದಲಿರುವುದಿಲ್ಲ, ನಾನು ಬೀಗ ತೆಗೆಯುತ್ತೇನೆ.
ನೆಲಮಾಳಿಗೆ. ಫಿನೈಲು. ಒದ್ದೆ ಹುಲ್ಲು.
ಐದು ನಾಯಿಗಳಲ್ಲಿ ನಾಲ್ಕು ಬೊಗಳುತ್ತವೆ,
ಬೊಡ್ಜಾ ಮಾತ್ರ ತಾನೇ ಹೋಗಿ ಚೌಕಟ್ಟಿನೊಳಗೆ ನಿಲ್ಲುತ್ತಾಳೆ
ಬಸ್ಸಿಗೆ ಕಾಯುವ ಹೆಂಗಸಿನ ಹಾಗೆ.

ಅವಳ ಹೊಟ್ಟೆಗೊಂದು ಬಾಗಿಲು ಇಟ್ಟಿದ್ದಾರೆ.
ಉಕ್ಕಿನದು, ಕಿರುಬೆರಳ ಗಾತ್ರ, ಬಿರಡೆ ಸಮೇತ.
ಬಿರಡೆ ಕಿತ್ತು ಗಾಜಿನ ನಳಿಗೆ ಕಟ್ಟುವುದು ನನ್ನ ಕೆಲಸ,
ಹದಿನೈದು ನಿಮಿಷಕ್ಕೊಂದು ನಳಿಗೆ.
ಬಂದದ್ದನ್ನು ಅಳೆದು, ಎರಡು ಹನಿ ಸೂಚಕ ಬಿಟ್ಟು,
ಬ್ಯೂರೆಟ್ಟಿನ ತಿರುಪು ಸಡಿಲಿಸಿ
ಕ್ಷಾರವನ್ನು ಹನಿಹನಿ ಇಳಿಸುತ್ತ ಕೂರುವುದು
ಗುಲಾಬಿ ಬರುವ ತನಕ.
ಬಂದು ಮಾಯವಾದರೆ ಲೆಕ್ಕಕ್ಕಿಲ್ಲ.
ಅರ್ಧ ನಿಮಿಷ ನಿಲ್ಲಬೇಕು. ನಾಚಿದವರ ಕೆನ್ನೆಯಲ್ಲೂ
ಅಷ್ಟು ಹೊತ್ತು ನಿಲ್ಲುವುದಿಲ್ಲ ಅದು.

ಇದು ನನ್ನ ಹೊಟ್ಟೆಪಾಡು. ನಗಬೇಡಿ.

ಮನೆಯಲ್ಲಿ ವೆಂಡೆಲ್. ಸಲಾಮಿ ಕಾರ್ಖಾನೆಯ ಹೊಗೆಕೋಣೆಯಲ್ಲಿ
ಇಪ್ಪತ್ತೆರಡು ವರ್ಷ ದುಡಿದವನು
ಎಪ್ಪತ್ತೊಂದರ ಚಳಿಗಾಲ, ಕಾಫಿಯ ಚರಟದಂಥದ್ದನ್ನು ಕಾರಿಕೊಂಡ.
ಮೂರರಲ್ಲಿ ಎರಡು ಪಾಲು ಹೊಟ್ಟೆ ಕೊಯ್ದು ತೆಗೆದರು.
ಈಗ ದಿನಕ್ಕೆ ಆರು ಸಲ ಉಣ್ಣುತ್ತಾನೆ, ಗುಬ್ಬಿಯಷ್ಟು.
ಕೆಂಪು ಮೆಣಸಿನ ಮೀನುಸಾರಿನ ಪಾತ್ರೆಯನ್ನು
ಬೇರೆಯವನ ಹೆಂಡತಿಯನ್ನು ನೋಡುವ ಹಾಗೆ ನೋಡುತ್ತಾನೆ.
ಸಲಾಮಿಯ ಸಿಪ್ಪೆ ಸುಲಿದು ನನ್ನ ಜೇಬಿಗೆ ಹಾಕುತ್ತಾನೆ,
ನಿನ್ನ ನಾಯಿಗೆ, ಅನ್ನುತ್ತಾನೆ.
ಕೊಡಬಾರದು. ಕೊಡುವುದಿಲ್ಲ.
ಕೆಲಸ ಮುಗಿದ ಮೇಲೆ, ಒಮ್ಮೊಮ್ಮೆ.

ಫೆಬ್ರವರಿಯಲ್ಲಿ ನಲವತ್ತೊಂದನೇ ಪುಡಿ ಬಂತು.
ಬಿಳಿ, ಕಹಿ, ಇನ್ನೂ ನಾಮಕರಣವಾಗದ್ದು.
ಸೋಮವಾರ ಕೊಟ್ಟೆವು, ಆಮ್ಲ ಇಳಿಯಲಿಲ್ಲ.
ಬುಧವಾರ ನನಗೆ ಜ್ವರ, ಲೊರಾಂಡ್ ಎಂಬ ಹುಡುಗ ಬಂದು ನಿಂತ,
ಅರ್ಧಕ್ಕರ್ಧ ಇಳಿಯಿತು.
ಶುಕ್ರವಾರ ನಾನು. ಮತ್ತೆ ಏರಿತು.
ಡಾಕ್ಟರ್ ಕೆಲೆಮೆನ್ ಗ್ರಾಫಿನ ಹಾಳೆಯನ್ನು ಕಿಟಕಿಗೆ ಹಿಡಿದು
ತುಂಬಾ ಹೊತ್ತು ಸುಮ್ಮನಿದ್ದು
"ಎಟೆಲ್ಕಾ, ನಿಮ್ಮ ಜೇಬಲ್ಲಿ ಏನಿದೆ?" ಅಂದರು.

ಅವತ್ತು ಖಾಲಿ ಇತ್ತು ಜೇಬು. ಕೋಟು ಬದಲಿಸಿ ನೋಡಿದರು.
ಆಮೇಲೆ ಪುಡಿಯೂ ಇಲ್ಲದೆ, ಏನೂ ಇಲ್ಲದೆ
ಮುಚ್ಚಿದ ಬಾಗಿಲಾಚೆ ನನ್ನನ್ನು ನಡೆಸಿದರು,
ಹೋಗಿ, ಬನ್ನಿ, ಇನ್ನೊಮ್ಮೆ ಹೋಗಿ.
ಒಳಗೆ ನಳಿಗೆ ತುಂಬುತ್ತಿತ್ತು.
ನನ್ನ ಬಲಗಾಲಿನ ಮರದ ಮೆಟ್ಟು ಸ್ವಲ್ಪ ಎಳೆಯುತ್ತದೆ.
ಆ ಎಳೆತಕ್ಕೂ ಒಂದು ಸಂಖ್ಯೆ ಸಿಕ್ಕಿತು,
ಹದಿನೈದು ನಿಮಿಷಕ್ಕೆ ಮೂರೂವರೆ ಮಿಲಿಲೀಟರ್.
ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ನನ್ನ ಹೆಜ್ಜೆಯನ್ನು
ಯಾರೂ ಅಳೆದಿರಲಿಲ್ಲ.

ಪ್ರೀತಿಯೋ ಸಲಾಮಿಯೋ, ಲೊರಾಂಡ್ ನಕ್ಕ.
ವರದಿಯಲ್ಲಿ ಬರೆದರು: ಅಡ್ಡಿಪಡಿಸುತ್ತಿದ್ದ ಒಂದು ಅಂಶವನ್ನು
ಪ್ರಯೋಗದಿಂದ ತೆಗೆದುಹಾಕಲಾಗಿದೆ.
ಆ ಅಂಶವನ್ನು ಮೂರನೇ ಮಹಡಿಗೆ ಹಾಕಿದರು, ಇಲಿಗಳ ಜೊತೆ.
ಜಠರದ ಕೆಳಬಾಯಿಗೆ ದಾರದ ಗಂಟು, ನಾಲ್ಕು ಗಂಟೆ, ಮುಗಿಯಿತು.
ಯಾರ ಹೆಜ್ಜೆ ಯಾರದೆಂದು ಕಲಿಯಲು
ಅವಕ್ಕೆ ಪುರಸೊತ್ತೇ ಇಲ್ಲ.

ಪುಡಿ ಚೆನ್ನಾಗಿತ್ತಂತೆ. ಒಳ್ಳೆಯದೇ.
ಇನ್ನೊಬ್ಬ ವೆಂಡೆಲ್ ತನ್ನ ಹೊಟ್ಟೆ ಉಳಿಸಿಕೊಳ್ಳಬಹುದು.
ಮೇ ತಿಂಗಳ ಒಂದು ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋದಾಗ
ಕೆಳಗಿಳಿದೆ, ಮೆಟ್ಟನ್ನು ಬೇಕೆಂದೇ ಎಳೆಯುತ್ತ.
ಚೌಕಟ್ಟಿನಲ್ಲಿ ನಿಂತಿದ್ದಳು. ನಳಿಗೆ ಒಣಗಿತ್ತು.
ಕಾದೆ. ಗಡಿಯಾರ ನೋಡಿಕೊಂಡೇ ಕಾದೆ.
ಒಂದು ಹನಿ ಇಲ್ಲ.
ಬಾಲ ಮಾತ್ರ ಕಬ್ಬಿಣಕ್ಕೆ ಬಡಿಯುತ್ತಿತ್ತು, ಟಪ್ ಟಪ್,
ನಮ್ಮ ಪಟ್ಟಿಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಹೊಟ್ಟೆಗೆ ಹಾಕಿಕೋ ತಾಯಿ, ಅಂದೆ.
ಅಂದ ಮೇಲೆ ಬಿರಡೆ ಕಣ್ಣಿಗೆ ಬಿತ್ತು.

ಮೆಟ್ಟು ಕಳಚಿ ಕೈಯಲ್ಲಿ ಹಿಡಿದುಕೊಂಡು
ಬರಿಗಾಲಲ್ಲಿ ಮೆಟ್ಟಿಲು ಹತ್ತಿದೆ.